ಗಣಿ ಬಿಟ್ಟ ಮೇಲೆ ಬರುವ ರೋಗ: ಪರಿಹಾರ ಯಾರ ಹೊಣೆ?

ಗಣಿಯಲ್ಲಿ ಬಂಡೆ ಕುಸಿದು ಕಾರ್ಮಿಕನೊಬ್ಬ ಸತ್ತರೆ ಅವನ ಕುಟುಂಬಕ್ಕೆ ಪರಿಹಾರ ಕೊಡಬೇಕು ಎಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಅಪಘಾತ ನಡೆದ ದಿನ ಗೊತ್ತಿರುತ್ತದೆ, ಜಾಗ ಗೊತ್ತಿರುತ್ತದೆ, ಕಣ್ಣಾರೆ ಕಂಡವರಿರುತ್ತಾರೆ. ಆದರೆ ಅದೇ ಕಾರ್ಮಿಕ ಗಣಿ ಬಿಟ್ಟು ತನ್ನೂರು ಸೇರಿ, ಇಪ್ಪತ್ತು ವರ್ಷಗಳ ಮೇಲೆ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರೆ? ಅಷ್ಟು ಹೊತ್ತಿಗೆ ಗಣಿ ಮುಚ್ಚಿರಬಹುದು, ಗುತ್ತಿಗೆದಾರ ಬದಲಾಗಿರಬಹುದು, ಹಾಜರಿ ಪುಸ್ತಕ ಗೆದ್ದಲು ತಿಂದಿರಬಹುದು. ಸಾವಿಗೆ ಗಣಿಯೇ ಕಾರಣ ಎಂದು ತೋರಿಸುವ ಭಾರ ಆಗ ಯಾರ ಮೇಲೆ ಬೀಳಬೇಕು? ಜಗತ್ತಿನ ಯುರೇನಿಯಂ ಕಾರ್ಮಿಕರ ಪರಿಹಾರದ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತಿದೆ.

ಬೆಳಗಾವಿ ಜಿಲ್ಲೆಗೆ ಈ ಪ್ರಶ್ನೆ ದೂರದ್ದಲ್ಲ. ನಗರದ ಪೂರ್ವಕ್ಕಿರುವ ಬೈಲಹೊಂಗಲ ತಾಲ್ಲೂಕಿನ ದೇಶನೂರು ಪರಿಸರದಲ್ಲಿ ಯುರೇನಿಯಂ ಅಂಶವಿರುವ ಶಿಲೆಗಳನ್ನು ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯ ಕೊಳವೆ ಕೊರೆದು ಗುರುತಿಸಿದೆ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಇನ್ನೂ ಮುಂದೆ ಹೋಗಿ ಪರೀಕ್ಷಾರ್ಥ ಗಣಿಯನ್ನೇ ತೋಡಲಾಯಿತು. ಅಲ್ಲಿನ ಜನ ಅದನ್ನು ವಿರೋಧಿಸಿದರು. ದೇಶನೂರಿನಲ್ಲಿ ಗಣಿಗಾರಿಕೆ ಆರಂಭವಾಗಿಲ್ಲ. ಆದರೆ ಗಣಿ ಇಲ್ಲದಿದ್ದರೂ ತಡವಾಗಿ ಬರುವ ರೋಗ ಈ ನೆಲಕ್ಕೆ ಹೊಸತಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಖಾನಾಪುರದ ಹೆಂಚು ಮತ್ತು ಕುಂಬಾರಿಕೆಯ ಕೆಲಸದಲ್ಲಿ ಏಳುವ ಸಿಲಿಕಾ ದೂಳಿಗೂ ಯುರೇನಿಯಂ ಗಣಿಯ ಗಾಳಿಗೂ ಒಂದು ಹೋಲಿಕೆ ಇದೆ. ಎರಡೂ ಎದೆಯೊಳಗೆ ಸದ್ದಿಲ್ಲದೆ ಸೇರಿ, ವರ್ಷಗಳ ಮೇಲೆ ಲೆಕ್ಕ ಕೇಳುತ್ತವೆ.

ಬೆಟ್ಟದ ಕಾಯಿಲೆ

ಯುರೇನಿಯಂ ಎಂಬ ಹೆಸರು ಹುಟ್ಟುವ ಮೊದಲೇ ಅದರ ಕೇಡು ಗಣಿಗಾರರಿಗೆ ಗೊತ್ತಿತ್ತು. ಮಧ್ಯ ಯೂರೋಪಿನಲ್ಲಿ ಜರ್ಮನಿಯ ಷ್ನೀಬರ್ಗ್ ಮತ್ತು ಇಂದಿನ ಚೆಕ್ ದೇಶದ ಯಾಖಿಮೊವ್ ಎಂಬ ಗಣಿ ಪಟ್ಟಣಗಳಿವೆ. ಬೆಳ್ಳಿಗಾಗಿ ತೋಡಿದ ಈ ಗಣಿಗಳಲ್ಲಿ ದುಡಿದವರು ನಡುವಯಸ್ಸಿಗೇ ಎದೆ ರೋಗದಿಂದ ಸಾಯುತ್ತಿದ್ದರು. ಜನ ಅದಕ್ಕೆ 'ಬೆಟ್ಟದ ಕಾಯಿಲೆ' ಎಂದು ಹೆಸರಿಟ್ಟಿದ್ದರು. 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಗಣಿವಿದ್ಯೆಯ ಗ್ರಂಥದಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಗಣಿ ಸೀಮೆಯಲ್ಲಿ ಒಬ್ಬೊಬ್ಬ ಹೆಂಗಸು ಏಳು ಮಂದಿ ಗಂಡಂದಿರನ್ನು ಕಳೆದುಕೊಂಡದ್ದುಂಟು ಎಂಬ ಮಾತಿದೆ. 1879ರಲ್ಲಿ ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ಇಬ್ಬರು ವೈದ್ಯರು ಷ್ನೀಬರ್ಗಿನ ಗಣಿಗಾರರ ಶವಪರೀಕ್ಷೆಗಳ ಆಧಾರದಿಂದ, ಇದು ಶ್ವಾಸಕೋಶದಲ್ಲಿ ಬೆಳೆಯುವ ಗಂತಿ ಎಂದು ತೋರಿಸಿದರು. ಮೇರಿ ಕ್ಯೂರಿ 1898ರಲ್ಲಿ ರೇಡಿಯಂ ಕಂಡುಹಿಡಿದದ್ದು ಇದೇ ಯಾಖಿಮೊವ್ ಗಣಿಯ ಅದಿರಿನಿಂದ.

ಕೇಡಿನ ಮೂಲ ನಿಧಾನವಾಗಿ ತಿಳಿಯಿತು. ಬಂಡೆಯಲ್ಲಿರುವ ಯುರೇನಿಯಂ ತಾನಾಗಿಯೇ ಒಡೆಯುತ್ತ ರೇಡಿಯಂ ಆಗುತ್ತದೆ. ರೇಡಿಯಂ ಒಡೆದು ರೇಡಾನ್ ಎಂಬ ಅನಿಲವಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಂಡೆಯ ಬಿರುಕಿನಿಂದ ಹೊರಬಂದು ಗಣಿಯ ಗಾಳಿಯಲ್ಲಿ ಬೆರೆಯುತ್ತದೆ. ಸುಮಾರು ನಾಲ್ಕು ದಿನಗಳಲ್ಲಿ ಅದರ ಅರ್ಧ ಭಾಗ ಒಡೆದು ಪೊಲೋನಿಯಂ ಮುಂತಾದ ಘನ ಕಣಗಳಾಗುತ್ತದೆ. ಈ ಕಣಗಳು ದೂಳಿಗೆ ಅಂಟಿಕೊಂಡು ಉಸಿರಿನೊಡನೆ ಒಳಗೆ ಹೋಗಿ ಶ್ವಾಸನಾಳದ ಗೋಡೆಯಲ್ಲಿ ಕೂರುತ್ತವೆ. ಅವು ಹೊರಸೂಸುವ ಆಲ್ಫಾ ಕಿರಣಕ್ಕೆ ಚರ್ಮವನ್ನು ದಾಟುವ ಶಕ್ತಿಯೂ ಇಲ್ಲ. ಒಳಗೆ ಕೂತಾಗ ಮಾತ್ರ ಪಕ್ಕದ ಜೀವಕೋಶಗಳನ್ನು ಕೆಡಿಸುತ್ತದೆ. ಹಾಗೆ ಕೆಟ್ಟ ಕೋಶ ಕ್ಯಾನ್ಸರ್ ಆಗಿ ಬೆಳೆಯಲು ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷ ಹಿಡಿಯುತ್ತದೆ. ತಡೆಯುವ ಉಪಾಯ ಮಾತ್ರ ಸರಳ: ದೊಡ್ಡ ಫ್ಯಾನುಗಳಿಂದ ಗಣಿಯೊಳಗೆ ಹೊಸ ಗಾಳಿ ನುಗ್ಗಿಸಿ ಹಳೆಯದನ್ನು ಹೊರಗಟ್ಟಬೇಕು.

ಪರಿಹಾರದ ಮೊದಲ ಹೆಜ್ಜೆ ಇಟ್ಟದ್ದೂ ಅದೇ ಸೀಮೆ. ಜರ್ಮನಿ 1925ರಲ್ಲಿ ಹೊರಡಿಸಿದ ತನ್ನ ಮೊದಲ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೇ 'ಷ್ನೀಬರ್ಗ್ ಶ್ವಾಸಕೋಶ ರೋಗ'ವನ್ನು ಸೇರಿಸಿತು. ಚೆಕೊಸ್ಲೊವಾಕಿಯ 1932ರಲ್ಲಿ ಅದನ್ನು ಅನುಸರಿಸಿತು. ಅಂದರೆ ಅಣುಬಾಂಬಿಗಾಗಿ ಯುರೇನಿಯಂ ಅಗೆಯುವ ಓಟ ಶುರುವಾಗುವ ಮೊದಲೇ, ಈ ಗಣಿಗಳ ಗಾಳಿ ಕೊಲ್ಲುತ್ತದೆ ಎಂಬುದು ಸರ್ಕಾರಿ ಕಡತಗಳಲ್ಲಿ ದಾಖಲಾಗಿತ್ತು. ಮುಂದೆ ನಡೆದದ್ದನ್ನು ಅಜ್ಞಾನ ಎನ್ನಲು ಬರುವುದಿಲ್ಲ.

ಅಮೆರಿಕದ ನವಾಹೋ ನಾಡಿನಲ್ಲಿ

ಎರಡನೇ ಮಹಾಯುದ್ಧದ ಕಾಲದಿಂದ ಅಮೆರಿಕಕ್ಕೆ ಯುರೇನಿಯಂ ಬೇಕಾಯಿತು. ನೈರುತ್ಯ ಭಾಗದ ಒಣ ಪ್ರಸ್ಥಭೂಮಿಯಲ್ಲಿ ಅದಿರು ಸಿಕ್ಕಿತು. ಅದರ ಒಂದು ಪಾಲು ನವಾಹೋ ಎಂಬ ಮೂಲನಿವಾಸಿಗಳ ನೆಲದಲ್ಲಿತ್ತು. 1944ರಿಂದ 1986ರವರೆಗೆ ಆ ನೆಲವೊಂದರಿಂದಲೇ ಸುಮಾರು 3 ಕೋಟಿ ಟನ್ ಅದಿರು ತೆಗೆಯಲಾಯಿತು. ಕೈಬಿಟ್ಟ 500ಕ್ಕೂ ಹೆಚ್ಚು ಗಣಿಗಳು ಅಲ್ಲಿ ಉಳಿದಿವೆ. ಕುರಿ ಸಾಕಿ ಬದುಕುತ್ತಿದ್ದವರಿಗೆ ಮನೆಯ ಹತ್ತಿರವೇ ಕೂಲಿ ಸಿಕ್ಕಿದ್ದು ಸಂತೋಷದ ವಿಷಯವೇ ಆಗಿತ್ತು. ಸಿಡಿಮದ್ದು ಹಾರಿಸಿದ ಕೂಡಲೇ ದೂಳಿನೊಳಕ್ಕೆ ಇಳಿದರು. ಗಣಿಯೊಳಗೇ ಬುತ್ತಿ ಬಿಚ್ಚಿದರು. ಬಂಡೆಯಿಂದ ಜಿನುಗುವ ನೀರು ಕುಡಿದರು. ಅಪಾಯವೇನೆಂದು ಹೇಳಿದವರಿಲ್ಲ. ಅವರ ಮಾತಿನಲ್ಲಿ ವಿಕಿರಣ ಎಂಬುದಕ್ಕೆ ಪದವೂ ಇರಲಿಲ್ಲ.

ಸರ್ಕಾರಕ್ಕೆ ಮಾತ್ರ ಗೊತ್ತಿತ್ತು. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ 1950ರಲ್ಲಿ ಗಣಿ ಕಾರ್ಮಿಕರ ಆರೋಗ್ಯದ ಅಧ್ಯಯನ ಆರಂಭಿಸಿತು. ರಕ್ತ ತೆಗೆದರು, ಎಕ್ಸ್-ರೇ ಹಿಡಿದರು, ಗಾಳಿಯ ರೇಡಾನ್ ಅಳೆದರು. ಆದರೆ ಗಣಿ ಕಂಪನಿಗಳು ಒಳಗೆ ಬಿಡಬೇಕಾದರೆ ಕಾರ್ಮಿಕರನ್ನು ಹೆದರಿಸಬಾರದು ಎಂಬ ಒಪ್ಪಂದಕ್ಕೆ ಇಲಾಖೆ ತಲೆಬಾಗಿತ್ತು. ಅದಿರಿನ ಏಕೈಕ ಗಿರಾಕಿ ಸರ್ಕಾರದ ಅಣುಶಕ್ತಿ ಆಯೋಗ. ಅದು ಗಣಿಯೊಳಗಿನ ಸುರಕ್ಷತೆ ತನ್ನ ಕೆಲಸವಲ್ಲ ಎಂದಿತು. ಕಾರ್ಮಿಕ ಕಾರ್ಯದರ್ಶಿ ವಿಲ್ಲರ್ಡ್ ವಿರ್ಟ್ಸ್ ಗಣಿಗಳ ಗಾಳಿಗೆ ಮೊದಲ ಬಾರಿ ಕಟ್ಟುನಿಟ್ಟಿನ ಮಿತಿ ಹಾಕಿದ್ದು 1967ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ದುಡಿದು ಮುಗಿದಿತ್ತು.

ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಒಬ್ಬರನ್ನೊಬ್ಬರು ಕಂಡು ಮಾತನಾಡಿಕೊಂಡಾಗ ಎಲ್ಲರ ಕಥೆಯೂ ಒಂದೇ ಎಂಬುದು ಬಯಲಿಗೆ ಬಂತು. ಸಂಪುಟ ದರ್ಜೆಯ ಮಾಜಿ ಸಚಿವ ಸ್ಟೀವರ್ಟ್ ಯೂಡಾಲ್ ಅವರ ಪರವಾಗಿ 1979ರಲ್ಲಿ ಮೊಕದ್ದಮೆ ಹೂಡಿದರು. 1984ರಲ್ಲಿ ಅರಿಜೋನಾದ ನ್ಯಾಯಾಲಯ, ಇವರ ಸಂಕಟ ಪರಿಹಾರ ಬೇಡುವಂಥದ್ದೇ ಎಂದು ಒಪ್ಪಿತು. ಆದರೆ ನೀತಿ ನಿರ್ಧಾರಗಳ ವಿಷಯದಲ್ಲಿ ಸರ್ಕಾರದ ಮೇಲೆ ದಾವೆ ಹೂಡಲು ಕಾನೂನಿನಲ್ಲಿ ಎಡೆಯಿಲ್ಲ ಎಂದು ಅರ್ಜಿಯನ್ನು ವಜಾ ಮಾಡಿತು. ಮರುವರ್ಷ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇನ್ನು ಉಳಿದಿದ್ದು ಸಂಸತ್ತಿನ ಬಾಗಿಲು ಮಾತ್ರ.

1990ರ ಕಾಯ್ದೆ ಮತ್ತು ಅದರ ತಿದ್ದುಪಡಿ

1990ರ ಅಕ್ಟೋಬರ್ 15ರಂದು ಅಧ್ಯಕ್ಷ ಜಾರ್ಜ್ ಬುಷ್ ವಿಕಿರಣ ಪರಿಹಾರ ಕಾಯ್ದೆಗೆ ಸಹಿ ಹಾಕಿದರು. ಅದರಲ್ಲಿ ದೇಶದ ಪರವಾಗಿ ಕ್ಷಮಾಪಣೆಯ ಮಾತಿತ್ತು. ಯುರೇನಿಯಂ ಗಣಿ ಕಾರ್ಮಿಕನಿಗೆ ಅಥವಾ ಅವನ ವಾರಸುದಾರರಿಗೆ 1 ಲಕ್ಷ ಡಾಲರ್ ನಿಗದಿಯಾಯಿತು. ಸರ್ಕಾರದ ತಪ್ಪನ್ನು ಸಾಬೀತು ಮಾಡಬೇಕಾಗಿರಲಿಲ್ಲ. ನಿಗದಿತ ರೋಗ, ನಿಗದಿತ ಪ್ರಮಾಣದ ವಿಕಿರಣ ಇವೆರಡನ್ನು ತೋರಿಸಿದರೆ ಸಾಕಿತ್ತು.

ಆದರೆ ತೊಡಕು ಆ 'ನಿಗದಿತ ಪ್ರಮಾಣ'ದಲ್ಲೇ ಅಡಗಿತ್ತು. ಗಣಿಯ ಗಾಳಿಯಲ್ಲಿ ಒಂದು ಗೊತ್ತಾದ ಮಟ್ಟದ ರೇಡಾನ್ ಇದ್ದಾಗ ಅಲ್ಲಿ 170 ಗಂಟೆ ದುಡಿದರೆ ಒಂದು 'ವರ್ಕಿಂಗ್ ಲೆವೆಲ್ ತಿಂಗಳು' ಎಂದು ಲೆಕ್ಕ. ಬೀಡಿ ಸಿಗರೇಟು ಸೇದದವನು ಇಂಥ 200 ತಿಂಗಳುಗಳನ್ನು ತೋರಿಸಬೇಕಿತ್ತು. ಸೇದುವವನಿಗೆ ರೋಗ ಬಂದ ವಯಸ್ಸಿನ ಮೇಲೆ 300 ಅಥವಾ 500. ಚಿಕ್ಕ ಚಿಕ್ಕ ಗಣಿಗಳಲ್ಲಿ ಯಾರೂ ಗಾಳಿ ಅಳೆದಿರಲಿಲ್ಲ. ಅಳೆಯದಿದ್ದುದು ಕಾರ್ಮಿಕನ ತಪ್ಪಲ್ಲ, ಅದರ ದಂಡ ಕಟ್ಟಬೇಕಾದವನು ಮಾತ್ರ ಅವನೇ. ವಿಧವೆಯರ ಕಷ್ಟ ಇನ್ನೊಂದು ಬಗೆಯದು. ನವಾಹೋ ಸಂಪ್ರದಾಯದಂತೆ ಮದುವೆಯಾದವರ ಬಳಿ ಮದುವೆಯ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು?

ಹತ್ತು ವರ್ಷಗಳ ಹೋರಾಟದ ನಂತರ 2000ದಲ್ಲಿ ಕಾಯ್ದೆ ತಿದ್ದುಪಡಿಯಾಯಿತು. 200 ತಿಂಗಳ ಮಿತಿ 40ಕ್ಕೆ ಇಳಿಯಿತು. ಅದೂ ಇಲ್ಲದಿದ್ದರೆ ಒಂದು ವರ್ಷ ಗಣಿಯಲ್ಲಿ ದುಡಿದಿದ್ದರೆ ಸಾಕು ಎಂದು 2002ರಲ್ಲಿ ಆಯಿತು. ಅದಿರು ಪುಡಿ ಮಾಡುವ ಮಿಲ್ಲಿನವರು, ಅದಿರು ಸಾಗಿಸುವ ಲಾರಿಯವರು ಹೊಸದಾಗಿ ಸೇರಿದರು. ಬುಡಕಟ್ಟಿನ ಪದ್ಧತಿಯ ಮದುವೆಗೂ ಮಾನ್ಯತೆ ಸಿಕ್ಕಿತು. ಇದರ ನಡುವೆ ನಿಧಿಯಲ್ಲಿ ಹಣವೇ ಮುಗಿಯಿತು. ಅರ್ಜಿ ಮಂಜೂರಾದ ರೋಗಿಗಳಿಗೆ ಚೆಕ್ಕಿನ ಬದಲು 'ಹಣ ಬಂದಾಗ ಕೊಡುತ್ತೇವೆ' ಎಂಬ ಪತ್ರ ಹೋಯಿತು. ಹಣ ಬರುವಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

2024ರ ಜೂನ್‌ನಲ್ಲಿ ಕಾಯ್ದೆಯ ಅವಧಿ ಮುಗಿಯಿತು. ಅಲ್ಲಿಯವರೆಗೆ 260 ಕೋಟಿ ಡಾಲರ್‌ಗಿಂತ ಹೆಚ್ಚು ಹಣ ಬಟವಾಡೆಯಾಗಿತ್ತು. ಒಂದು ವರ್ಷದ ಶೂನ್ಯದ ನಂತರ 2025ರ ಜುಲೈ 4ರಂದು ಅದಕ್ಕೆ ಮರುಜೀವ ಬಂತು. 1971ರವರೆಗೆ ದುಡಿದವರಿಗೆ ಮಾತ್ರ ಇದ್ದ ಪರಿಹಾರ 1990ರ ಕೊನೆಯವರೆಗೆ ದುಡಿದವರಿಗೂ ವಿಸ್ತರಿಸಿತು. ಗಣಿ ಆರಂಭವಾಗುವ ಮೊದಲು ಕೊಳವೆ ಕೊರೆದು ಶಿಲೆಯ ಮಾದರಿ ತೆಗೆಯುವವರೂ ಈ ಬಾರಿ ಪಟ್ಟಿಗೆ ಸೇರಿದರು. ದೇಶನೂರಿನಂಥ ಕಡೆ ಮೊದಲು ಬರುವವರು ಇವರೇ ಎಂಬುದನ್ನು ಇಲ್ಲಿ ನೆನೆಯಬೇಕು.

ಜರ್ಮನಿಯದು ಬೇರೆ ದಾರಿ. ಪೂರ್ವ ಜರ್ಮನಿಯಲ್ಲಿ ಸೋವಿಯತ್ ಒಕ್ಕೂಟಕ್ಕಾಗಿ 1946ರಿಂದ 1990ರವರೆಗೆ ನಡೆದ ವಿಸ್ಮುತ್ ಗಣಿಗಳಲ್ಲಿ ಸುಮಾರು 4 ಲಕ್ಷ ಜನ ದುಡಿದರು. ಆರಂಭದ ವರ್ಷಗಳಲ್ಲಿ ಅಲ್ಲಿಯೂ ಗಾಳಿಯ ಅಳತೆ ಇರಲಿಲ್ಲ. ಅದಕ್ಕಾಗಿ ತಜ್ಞರು ಕೂತು, ಯಾವ ಗಣಿಯಲ್ಲಿ, ಯಾವ ವರ್ಷ, ಯಾವ ಕೆಲಸ ಮಾಡಿದವನಿಗೆ ಎಷ್ಟು ವಿಕಿರಣ ತಗುಲಿರಬಹುದು ಎಂಬ ದೊಡ್ಡ ಕೋಷ್ಟಕವನ್ನೇ ತಯಾರಿಸಿದರು. ಕಾರ್ಮಿಕ ತನ್ನ ಕೆಲಸದ ವಿವರ ಹೇಳಿದರೆ ಸಾಕು, ಉಳಿದ ಲೆಕ್ಕ ಪರಿಹಾರ ಸಂಸ್ಥೆಯದು.

ಕೋಲಾರದ ಚಿನ್ನ, ಮೈಸೂರಿನ ನಿಯಮ

ಗಣಿ ಬಿಟ್ಟ ಮೇಲೆ ಕೊಲ್ಲುವ ರೋಗಕ್ಕೆ ಪರಿಹಾರ ಕೊಡುವ ಮಾತು ಕನ್ನಡ ನಾಡಿನಲ್ಲಿ ಬಹಳ ಹಿಂದೆಯೇ ಬಂದಿತ್ತು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಲ್ಲಿ ಕೊಂದದ್ದು ಯುರೇನಿಯಂ ಅಲ್ಲ, ಚಿನ್ನದ ಜೊತೆ ಬರುವ ಬೆಣಚುಕಲ್ಲಿನ ದೂಳು.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳಿಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಗಣಿಗಳು ಆಳಕ್ಕಿಳಿದವು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತು. ಚಿನ್ನ ಹುದುಗಿರುವ ಬೆಣಚುಕಲ್ಲು ಬಹುಮಟ್ಟಿಗೆ ಶುದ್ಧ ಸಿಲಿಕಾ. ಯಂತ್ರದಿಂದ ಅದನ್ನು ಕೊರೆದಾಗ ಏಳುವ ನವುರಾದ ದೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ. ಗಾಯ ಮಾಗಿ ಗಂಟಾಗುತ್ತದೆ. ಗಂಟುಗಳು ಸೇರಿ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದಕ್ಕೆ ಮದ್ದಿಲ್ಲ. ದೂಳಿನಿಂದ ದೂರ ಹೋದ ಮೇಲೂ ಅದು ಬೆಳೆಯುತ್ತಲೇ ಇರುತ್ತದೆ, ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ.

ಆಗ ಬ್ರಿಟಿಷ್ ಇಂಡಿಯಾದಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ಇತ್ತು. ಅದರ ಮೂಲ ರೋಗ ಪಟ್ಟಿಯಲ್ಲಿ ಸಿಲಿಕೋಸಿಸ್ ಇರಲಿಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸಂಸ್ಥಾನ 1940ರಲ್ಲಿ 'ಮೈಸೂರು ಸಿಲಿಕೋಸಿಸ್ ನಿಯಮಗಳು' ಎಂಬುದನ್ನು ಜಾರಿಗೆ ತಂದು ಈ ರೋಗವನ್ನು ಪರಿಹಾರಕ್ಕೆ ಅರ್ಹವಾಗಿಸಿತು. ಅದೇ ದಶಕದಲ್ಲಿ ಗಣಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇಕಡಾ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಹುಡುಕುವ ಮೊದಲು ರೋಗವೇ ಇಲ್ಲ, ಹುಡುಕಿದ ಮೇಲೆ ಹತ್ತರಲ್ಲಿ ನಾಲ್ವರಿಗೆ! ಔದ್ಯೋಗಿಕ ರೋಗಗಳ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ. ಎಕ್ಸ್-ರೇ ಹಿಡಿಯದ ಕಡೆ ಸಿಲಿಕೋಸಿಸ್ ಇರುವುದಿಲ್ಲ.

ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಗಣಿಯ ಬಾಗಿಲಿಗೆ ಬೀಗ ಹಾಕಿದ ದಿನವೇ ಎದೆಯೊಳಗಿನ ದೂಳಿಗೆ ಬೀಗ ಬೀಳುವುದಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ?

1923ರ ಕಾಯ್ದೆಯ ಮೂರನೇ ಪರಿಶಿಷ್ಟ ಕಾಲಕಾಲಕ್ಕೆ ಬೆಳೆದಿದೆ. ವಿಕಿರಣ ವಸ್ತುಗಳಿಂದ ಬರುವ ರೋಗಗಳು ಅದರ 'ಬಿ' ಭಾಗದಲ್ಲಿ, ಸಿಲಿಕೋಸಿಸ್ 'ಸಿ' ಭಾಗದಲ್ಲಿ ಸೇರಿದವು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯ್ದೆಯ ಜಾಗಕ್ಕೆ ಬಂದರೂ ಈ ಚೌಕಟ್ಟನ್ನು ಉಳಿಸಿಕೊಂಡಿದೆ. ಆದ್ದರಿಂದ ಯುರೇನಿಯಂ ಕಾರ್ಮಿಕನಿಗೆ ನಮ್ಮಲ್ಲಿ ಕಾನೂನೇ ಇಲ್ಲ ಎನ್ನುವಂತಿಲ್ಲ.

ಕಾನೂನು ಒಂದು ಒಳ್ಳೆಯ ಮಾತನ್ನೂ ಹೇಳುತ್ತದೆ. 'ಬಿ' ಭಾಗದ ಕೆಲಸದಲ್ಲಿ ಒಬ್ಬ ಮಾಲೀಕನ ಬಳಿ ಸತತ ಆರು ತಿಂಗಳು ದುಡಿದವನಿಗೆ, ಕೆಲಸದಲ್ಲಿ ಇರುವಾಗಲೇ ಆ ರೋಗ ಬಂದರೆ, ಅದು ಕೆಲಸದಿಂದಲೇ ಬಂತು ಎಂದು ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊಣೆ ಮಾಲೀಕನದು. ಆದರೆ ಕೆಲಸ ಬಿಟ್ಟ ಮೇಲೆ ರೋಗ ಬಂದರೆ ತಕ್ಕಡಿ ತಿರುಗುತ್ತದೆ. ರೋಗ ಆ ಕೆಲಸದಿಂದಲೇ ಬಂತೆಂದು ಆಗ ಕಾರ್ಮಿಕನೇ ಸಾಬೀತು ಮಾಡಬೇಕು. ಅರ್ಜಿಗೆ ಎರಡು ವರ್ಷಗಳ ಗಡುವಿದೆ. ಕೆಲಸ ಬಿಟ್ಟವನ ವಿಷಯದಲ್ಲಿ, ಬಿಟ್ಟ ಎರಡು ವರ್ಷಗಳೊಳಗೆ ರೋಗದ ಲಕ್ಷಣ ಕಂಡರೆ ಆ ದಿನದಿಂದ ಗಡುವು ಎಣಿಸುವ ಸೌಲಭ್ಯವನ್ನು ಹಳೆಯ ಕಾಯ್ದೆ ಕೊಟ್ಟಿತ್ತು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಆಯುಕ್ತರಿಗೆ ಇತ್ತೆನ್ನುವುದು ನಿಜ. ಆದರೂ ಇಪ್ಪತ್ತು ವರ್ಷ ಕಾದು ಬರುವ ಕ್ಯಾನ್ಸರಿಗೆ ಎರಡು ವರ್ಷದ ಅಳತೆಗೋಲು ಎಲ್ಲಿಗೆ ಸಾಕು?

ಹಣದ ಲೆಕ್ಕದಲ್ಲೂ ಇಂಥದೇ ಒಂದು ಓರೆಯಿದೆ. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ತಿಂಗಳ ಕೂಲಿಯ ಶೇಕಡಾ 60 ಭಾಗವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಕೂಲಿ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ಈ ಮಿತಿಯಲ್ಲಿ ಲೆಕ್ಕ ಹಾಕಿದರೆ, 40ರ ವಯಸ್ಸಿನವನಿಗೆ ಗುಣಕ 184.17, ಪರಿಹಾರ 16,57,530 ರೂ. 65 ದಾಟಿದವನಿಗೆ ಗುಣಕ 99.37, ಪರಿಹಾರ 8,94,330 ರೂ. ಅಪಘಾತದ ವಿಷಯದಲ್ಲಿ ಇದು ಸರಿ. ದುಡಿಯುವ ವರ್ಷಗಳು ಕಡಿಮೆ ಉಳಿದವನಿಗೆ ನಷ್ಟವೂ ಕಡಿಮೆ ಎಂಬುದು ಅದರ ಹಿಂದಿನ ತರ್ಕ. ಆದರೆ 35ರ ಹರೆಯದಲ್ಲಿ ಉಸಿರಾಡಿದ ಗಾಳಿಯ ಫಲ 65ರಲ್ಲಿ ಬಂದರೆ, ರೋಗ ತಡವಾಗಿ ಬಂದಷ್ಟೂ ಹೊಣೆಗಾರನಿಗೆ ಲಾಭ ಎಂದಂತಾಗುತ್ತದೆ.

ದಾಖಲೆಯ ಬೆಲೆ

ಇದನ್ನು ಸುಪ್ರೀಂ ಕೋರ್ಟ್ ಗುರುತಿಸದೆ ಇಲ್ಲ. ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಕಾರ್ಮಿಕರ ಪ್ರಕರಣದಲ್ಲಿ 1995ರ ಜನವರಿಯಲ್ಲಿ ಅದು ಮಹತ್ವದ ತೀರ್ಪು ಕೊಟ್ಟಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕು ಎಂದಿತು. ಆರೋಗ್ಯದ ಹಕ್ಕು ಬದುಕುವ ಹಕ್ಕಿನ ಭಾಗ ಎಂದು ಸಾರಿತು. ರೋಗ ಎಷ್ಟು ತಡವಾಗಿ ಬರುತ್ತದೋ ದಾಖಲೆಯೂ ಅಷ್ಟು ಕಾಲ ಬದುಕಬೇಕು ಎಂಬುದು ಈ ತೀರ್ಪಿನ ತಿರುಳು.

ದಾಖಲೆಯೇ ಇಲ್ಲದವರ ಗತಿ ಏನೆಂಬುದಕ್ಕೆ ಗುಜರಾತಿನ ಗೋಧ್ರಾ ಸುತ್ತಲಿನ ಬೆಣಚುಕಲ್ಲು ಪುಡಿ ಮಾಡುವ ಕಾರ್ಖಾನೆಗಳ ಕಥೆ ಸಾಕ್ಷಿ. ಮಧ್ಯಪ್ರದೇಶದ ಆದಿವಾಸಿಗಳು ಅಲ್ಲಿಗೆ ಕೂಲಿಗೆ ಹೋಗಿ, ಸಿಲಿಕೋಸಿಸ್ ಹೊತ್ತು ಊರಿಗೆ ಮರಳಿ ಸತ್ತರು. ದುಡಿದದ್ದು ಒಂದು ರಾಜ್ಯದಲ್ಲಿ, ಸತ್ತದ್ದು ಇನ್ನೊಂದರಲ್ಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಶಿಫಾರಸಿನ ಮೇಲೆ, ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡುವಂತೆ 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಗುಜರಾತ್ ಸರ್ಕಾರಕ್ಕೆ ಆದೇಶಿಸಿತು. ರಾಜಸ್ಥಾನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2019ರ ಅದರ ನೀತಿಯಂತೆ, ಸಿಲಿಕೋಸಿಸ್ ಎಂದು ವೈದ್ಯರು ಪ್ರಮಾಣೀಕರಿಸಿದರೆ ಸರ್ಕಾರವೇ 3 ಲಕ್ಷ ರೂಪಾಯಿ ಕೊಡುತ್ತದೆ, ಸತ್ತರೆ ಕುಟುಂಬಕ್ಕೆ ಮತ್ತೆ 2 ಲಕ್ಷ. ಮಾಲೀಕ ಯಾರೆಂದು ಹುಡುಕುವ ಕೆಲಸ ರೋಗಿಯದಲ್ಲ.

ಅಳತೆ ಮತ್ತು ದಾಖಲೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಖಾನಾಪುರದ ದಕ್ಷಿಣದ ಕಾಡುಗಳಾಚೆ ಇರುವ ಕೈಗಾ ಒಂದು ಉದಾಹರಣೆ. 2009ರ ನವೆಂಬರ್‌ನಲ್ಲಿ ಅಲ್ಲಿನ ಅಣು ವಿದ್ಯುತ್ ಸ್ಥಾವರದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿತು. 50ಕ್ಕೂ ಹೆಚ್ಚು ಕಾರ್ಮಿಕರು ಆ ನೀರು ಕುಡಿದಿದ್ದರು. ಅದು ಬಯಲಿಗೆ ಬಂದದ್ದು ಕಾರ್ಮಿಕರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದ್ದುದರಿಂದ. ಯಾರಿಗೆ ಎಷ್ಟು ತಗುಲಿತು ಎಂಬುದು ಬೇಗನೆ ಹೆಸರು ಹೆಸರಾಗಿ ಲೆಕ್ಕಕ್ಕೆ ಸಿಕ್ಕಿತು. ವಿಕಿರಣದ ನಡುವೆ ದುಡಿಯುವವರಿಗೆ ನಮ್ಮ ದೇಶದಲ್ಲಿ ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು ಎಂಬ ಮಿತಿ ಇದೆ. ಮಿತಿ ಇದ್ದಷ್ಟೇ ಅದನ್ನು ಬರೆದಿಡುವ ಪುಸ್ತಕವೂ ಮುಖ್ಯ.

ಬೆಳಗಾವಿ, ಖಾನಾಪುರಗಳಿಗೆ ಪಾಠ

ಈ ಕನ್ನಡಿಯಲ್ಲಿ ಬೆಳಗಾವಿಯನ್ನು ನೋಡಬೇಕು. ಇಲ್ಲಿನ ಫೌಂಡ್ರಿಗಳಲ್ಲಿ ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆರಿದ ಮೇಲೆ ಅಚ್ಚು ಒಡೆದು, ಎರಕದ ಮೈಗೆ ಅಂಟಿದ ಮರಳನ್ನು ಉಜ್ಜಿ ತೆಗೆಯುತ್ತಾರೆ. ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಖಾನಾಪುರದಲ್ಲಿ ಹೆಂಚು, ಮಡಕೆಗಳ ಕಸುಬು ಹಳೆಯದು. ಒಣಗಿದ ಮಣ್ಣು ಕುಟ್ಟುವಾಗ, ಜರಡಿ ಹಿಡಿಯುವಾಗ, ಭಟ್ಟಿ ಗುಡಿಸುವಾಗ ಅದೇ ದೂಳು. ಹಸಿ ಮಣ್ಣಿನ ಕೆಲಸದಲ್ಲಿ ಅಪಾಯ ಕಡಿಮೆ, ಒಣ ಪುಡಿಯಲ್ಲಿ ಹೆಚ್ಚು.

ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆಯಲ್ಲಿ ತಿಂಗಳ ವೇತನ 21,000 ರೂಪಾಯಿ ಮೀರದ ಕಾರ್ಮಿಕ ಇಎಸ್‌ಐ ವ್ಯಾಪ್ತಿಗೆ ಬರುತ್ತಾನೆ. ಔದ್ಯೋಗಿಕ ರೋಗದಿಂದ ಪೂರ್ಣ ಅಶಕ್ತನಾದರೆ ವೇತನದ ಶೇಕಡಾ 90ರಷ್ಟು ತಿಂಗಳು ತಿಂಗಳು ಜೀವನಪರ್ಯಂತ ಸಿಗುವ ವ್ಯವಸ್ಥೆ ಅದರಲ್ಲಿದೆ. ಒಂದೇ ಕಂತಿನ ಹಣಕ್ಕಿಂತ ಇದು ಮೇಲು. ಆದರೆ ಅದಕ್ಕೆ ಹೆಸರು ಪುಸ್ತಕದಲ್ಲಿರಬೇಕು, ವಂತಿಗೆ ಕಟ್ಟಿರಬೇಕು, ಎದೆಯ ಎಕ್ಸ್-ರೇ ನೋಡಿದ ವೈದ್ಯರು ಕ್ಷಯ ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ 'ಏನು ಕೆಲಸ ಮಾಡುತ್ತಿದ್ದಿ?' ಎಂದು ಕೇಳಬೇಕು. ಗುತ್ತಿಗೆದಾರನ ಕೈಕೆಳಗೆ ಇಂದು ಇಲ್ಲಿ, ನಾಳೆ ಅಲ್ಲಿ ದುಡಿಯುವವನಿಗೆ ಈ ಮೂರೂ ಕೂಡಿಬರುವುದು ಕಷ್ಟ. ನಾಲ್ಕೈದು ಜನರ ಕುಂಬಾರ ಕುಟುಂಬಕ್ಕಂತೂ ಮಾಲೀಕನೂ ತಾನೇ, ಕಾರ್ಮಿಕನೂ ತಾನೇ. ರಾಜಸ್ಥಾನದ ಮಾದರಿ ಅಗತ್ಯವಾಗುವುದು ಇಂಥವರಿಗೇ.

ಇನ್ನು ದೇಶನೂರು. ಅಲ್ಲಿ ಗಣಿ ಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ನೆಲ, ನೀರು, ಬೆಳೆಗಳ ಪ್ರಶ್ನೆ ಅದರಲ್ಲಿದೆ. ನವಾಹೋ ಜನ ತಮ್ಮ ಅನುಭವದ ಮೇಲೆ 2005ರಲ್ಲಿ ತಮ್ಮ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನೇ ನಿಷೇಧಿಸಿದರು. ಆದರೆ ಮುಂದೆಂದಾದರೂ ಗಣಿ ಬಂದರೆ, ಪರಿಹಾರದ ಮಾತು ಮೊದಲ ಸಾವಿನ ನಂತರವಲ್ಲ, ಮೊದಲ ಗುದ್ದಲಿಯ ಮೊದಲೇ ಆಗಬೇಕು. ಇತಿಹಾಸ ಕಲಿಸುವ ಪಾಠಗಳು ಮೂರು. ಗುತ್ತಿಗೆಯವನೂ ಸೇರಿ ಪ್ರತಿ ಕಾರ್ಮಿಕ ಉಸಿರಾಡಿದ ಗಾಳಿಯ ಅಳತೆ ಅವನ ಹೆಸರಿನಲ್ಲಿ ಬರೆದಿಡಬೇಕು, ಅದರ ಪ್ರತಿ ಅವನ ಕೈಯಲ್ಲೂ ಇರಬೇಕು. ಕೆಲಸ ಬಿಟ್ಟು ಎಷ್ಟೇ ವರ್ಷವಾದರೂ ಪಟ್ಟಿಯಲ್ಲಿರುವ ರೋಗ ಬಂದರೆ ಅದು ಗಣಿಯಿಂದಲೇ ಬಂತೆಂದು ಕಾನೂನು ಭಾವಿಸಬೇಕು. ತಡವಾಗಿ ಬಂದ ರೋಗಕ್ಕೆ ಕಡಿಮೆ ಹಣ ಎಂಬ ಲೆಕ್ಕ ಹೋಗಬೇಕು.

ಯುರೇನಿಯಂ ಎಂಬುದು ಬೇರೆ ಖನಿಜಗಳಂತೆ ಅಲ್ಲ. 1962ರ ಅಣುಶಕ್ತಿ ಕಾಯ್ದೆಯಿಂದ ಅದು ಪೂರ್ತಿಯಾಗಿ ಕೇಂದ್ರದ ಹತೋಟಿಗೆ ಬಂತು. 1967ರಲ್ಲಿ ಜಾದುಗುಡದ ಗಣಿಗಾಗಿ ಹುಟ್ಟಿದ ಯುರೇನಿಯಂ ನಿಗಮವೂ ಸರ್ಕಾರದ್ದೇ. ಅಗೆಸಿದವರೂ, ಕೊಂಡವರೂ, ಅಳೆದವರೂ ಸರ್ಕಾರವೇ ಆಗಿರುವಾಗ ರೋಗಿಯ ಕೈಯಲ್ಲಿ ಪುರಾವೆ ಕೇಳುವುದು ನ್ಯಾಯವಲ್ಲ. ಅಮೆರಿಕದ ಸಂಸತ್ತು ಇದನ್ನು ಒಪ್ಪಿಕೊಳ್ಳುವ ಹೊತ್ತಿಗೆ ಸರ್ಕಾರದ ಅಧ್ಯಯನ ಆರಂಭವಾಗಿ 40 ವರ್ಷ ಕಳೆದಿತ್ತು. ಮೈಸೂರು ಸಂಸ್ಥಾನ ಅಮೆರಿಕದ ಕಾಯ್ದೆಗಿಂತ ಅರ್ಧ ಶತಮಾನ ಮೊದಲೇ ಗಣಿ ಕಾರ್ಮಿಕನ ಎದೆಯ ದೂಳಿಗೆ ಬೆಲೆ ಕಟ್ಟಬೇಕೆಂದು ನಿಯಮ ಬರೆದಿತ್ತು. ಕರ್ನಾಟಕಕ್ಕೆ ಮಾದರಿ ಹುಡುಕಲು ಹೊರದೇಶಕ್ಕೆ ಹೋಗುವ ಅಗತ್ಯವಿಲ್ಲ.